ಅಣ್ಣನ ಮುಖದಲ್ಲಿ ಇನ್ನೊಬ್ಬ

ಪೊಲೀಸ್ ಚೌಕಿಯಿಂದ ಫೋನ್ ಬಂದಾಗ ನಾನು ಬ್ಯಾಂಕಿನ ಕಿಟಕಿಯ ಬಳಿ ನಿಂತು ಮಂಜು ನೋಡುತ್ತಿದ್ದೆ. ಜನವರಿಯ ವಾರಾಣಸಿಯಲ್ಲಿ ಹನ್ನೊಂದು ಗಂಟೆಯಾದರೂ ಸರಿಯಾಗಿ ಬೆಳಗಾಗುವುದಿಲ್ಲ. ಕಂಟೋನ್ಮೆಂಟಿನ ರಸ್ತೆಯಲ್ಲಿ ಆಟೋಗಳು ಮೊದಲು ಬರೀ ಸದ್ದಾಗಿ ಬಂದು, ಆಮೇಲೆ ಮಸುಕು ಬೆಳಕಾಗಿ, ತೀರಾ ಹತ್ತಿರಕ್ಕೆ ಬಂದ ಮೇಲೆ ಆಟೋಗಳಾಗುತ್ತಿದ್ದವು.

ಆ ಕಡೆಯ ದನಿ ಅಣ್ಣನ ಹೆಸರು ಹೇಳಿ, ಇವರು ನಿಮಗೇನಾಗಬೇಕು ಎಂದು ಹಿಂದಿಯಲ್ಲಿ ಕೇಳಿತು. ಅಣ್ಣ ಎಂದೆ.

"ಗಾಬರಿಯಾಗಬೇಡಿ ಮೇಡಂ. ಸ್ವಲ್ಪ ಬಂದು ಹೋಗಿ. ಅವರ ಗುರುತು ಸಿಕ್ಕಿದೆ."

ನದಿಯ ದಂಡೆಯ ಊರಿನಲ್ಲಿ ಆ ಮಾತಿಗೆ ಒಂದೇ ಅರ್ಥ ಇದ್ದಂತೆ ತೋರಿತು. ಅಣ್ಣ ದಿನಾ ಬೆಳಿಗ್ಗೆ ನೀರಿನ ಅಂಚಿನಲ್ಲಿ ಕೂರುತ್ತಿದ್ದ. ಕೊನೆಗೆ ನನ್ನ ಬಾಯಿಂದ, "ಬದುಕಿದ್ದಾರಾ?" ಎಂಬ ಪ್ರಶ್ನೆ ಬಂತು.

"ಎದುರಿಗೇ ಕೂತಿದ್ದಾರೆ. ಚಹಾ ಕುಡಿಯುತ್ತಿದ್ದಾರೆ. ಕ್ಯಾಮೆರಾ ಅವರನ್ನು ಗುರುತು ಹಿಡಿದಿದೆ, ಅಷ್ಟೇ."

ನನ್ನ ಅಣ್ಣ ಗದಗದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಹಿಂದಿನ ಮಳೆಗಾಲದಲ್ಲಿ ಅತ್ತಿಗೆ ತೀರಿಕೊಂಡರು. ಮಕ್ಕಳಿರಲಿಲ್ಲ. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ವಾರಾಣಸಿಗೆ ಬಂದು ಎರಡು ವರ್ಷವಾಗಿತ್ತು. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಮೇಲಂತಸ್ತಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದೆ. ನವೆಂಬರಿನಲ್ಲಿ ಅಣ್ಣ ಅಸ್ಥಿಯ ಗಂಟು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬಂದ. ದೋಣಿಯಲ್ಲಿ ನದಿಯ ನಡುವಿಗೆ ಹೋಗಿ ಬಿಟ್ಟು ಬಂದೆವು. ನಾಲ್ಕನೆಯ ದಿನಕ್ಕೆ ವಾಪಸ್ ಟಿಕೆಟ್ಟಿತ್ತು. ಆ ದಿನ ಬೆಳಿಗ್ಗೆ ಅವನು, "ತಂಗೀ, ಇನ್ನ ಸ್ವಲ್ಪ ದಿನ ಇರತೀನಿ. ಇಲ್ಲಿ ನನ್ನ ಯಾರೂ ಕೇಳೂದಿಲ್ಲ. ಛಲೋ ಅನಸತೈತಿ" ಎಂದ.

ಊರಿನಲ್ಲಿ ಹಾಲಿನವನಿಂದ ಹಿಡಿದು ಹಳೆಯ ವಿದ್ಯಾರ್ಥಿಗಳ ತನಕ ಎಲ್ಲರೂ ಅವನನ್ನು ನಿಲ್ಲಿಸಿ ಅತ್ತಿಗೆಯ ಬಗ್ಗೆ ಕೇಳುತ್ತಿದ್ದರಂತೆ. ಕೇಳಿದಾಗಲೆಲ್ಲ ಅವನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಇಲ್ಲಿ ಹಾಗಿಲ್ಲ. ಮೆಟ್ಟಿಲ ಮೇಲೆ ಬೋಳು ತಲೆಯವರು, ಹೊಸದಾಗಿ ಒಂಟಿಯಾದವರು, ಕಾರಣವಿಲ್ಲದೆ ಬಂದು ಕೂತವರು ಸಾಲಾಗಿ ಇರುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅಣ್ಣ ಒಂದು ನೋಟ್‌ಬುಕ್ಕು, ಎರಡು ಪೆನ್ಸಿಲ್ಲು ಇಟ್ಟುಕೊಂಡು ಅವರ ನಡುವೆ ಕೂತು ಮುಖಗಳನ್ನು ಬರೆಯುತ್ತಿದ್ದ. ಬ್ಯಾಂಕಿಗೆ ರಜೆ ಇದ್ದ ದಿನ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಮಂಜಿನಲ್ಲಿ ನದಿ ಕಾಣುತ್ತಿರಲಿಲ್ಲ. ಹುಟ್ಟು ಹಾಕುವ ಸದ್ದು ಮಾತ್ರ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಪೆನ್ಸಿಲ್ಲು ಕಾಗದದ ಮೇಲೆ ಸರಿಯುವುದು ಕೇಳುವಷ್ಟು ಮೌನ. ಒಮ್ಮೆ ಅವನು ತಲೆಯೆತ್ತದೆ ಹೇಳಿದ: "ನಿಮ್ಮ ಅತ್ತಿಗಿ ಮುಖ ಒಂದ ನನಗ ಬರಿಯಾಕ ಬರವಲ್ದು ನೋಡು. ಫೋಟೋ ಮುಂದ ಇಟಕೊಂಡ್ರೂ ಬರವಲ್ದು." ಅವನು ಉತ್ತರ ಬಯಸಿ ಹೇಳಿದ್ದಲ್ಲ.

ಅಂಥ ಅಣ್ಣನನ್ನು ನಾನು ಆ ದಿನ ಚೌಕಿಯಲ್ಲಿ ಕಂಡೆ. ಬಾಗಿಲಲ್ಲಿ ಬ್ಯಾಂಕಿನ ಗುರುತು ಚೀಟಿ ತೋರಿಸುತ್ತಲೇ, "ಬೈಠಿಯೇ ಮೇಡಂ" ಎಂದು ಕುರ್ಚಿ ಎಳೆದುಕೊಟ್ಟರು. ಗೋಡೆಯ ತುಂಬಾ ಪರದೆಗಳಿದ್ದವು. ಗೋದೌಲಿಯಾದ ವೃತ್ತ, ಘಾಟುಗಳಿಗೆ ಇಳಿಯುವ ಗಲ್ಲಿಗಳು, ಮೆಟ್ಟಿಲುಗಳು, ಎಲ್ಲವೂ ಬೂದು ಬಣ್ಣದಲ್ಲಿ, ನೀರಿನ ಅಡಿಯಲ್ಲಿರುವ ಊರಿನ ಹಾಗೆ ಸದ್ದಿಲ್ಲದೆ ಚಲಿಸುತ್ತಿದ್ದವು. ಮಂಜಿನಲ್ಲಿ ಮುಖಗಳು ಮೂಡಿದಂತೆ ಅವುಗಳ ಸುತ್ತ ತೆಳ್ಳನೆಯ ಚೌಕಗಳು ಹುಟ್ಟಿ, ಒಂದಿಷ್ಟು ಹೆಜ್ಜೆ ಜೊತೆಗೆ ನಡೆದು, ಕರಗುತ್ತಿದ್ದವು. ನೋಡುತ್ತಾ ಕೂತರೆ ನಿದ್ದೆ ಬರುವಂತಿತ್ತು.

ಚೌಕಿಯ ಇನ್ಸ್‌ಪೆಕ್ಟರು ಸೌಮ್ಯ ಮನುಷ್ಯ, ನನ್ನ ವಯಸ್ಸಿನವರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಎಡಗಡೆ ಮೆಟ್ಟಿಲ ಮೇಲೆ ಕೂತ ಅಣ್ಣ. ಬಲಗಡೆ ಇನ್ನೊಬ್ಬ ಗಂಡಸಿನ ಫೋಟೋ. ಅವನು ರೈಲುಗಳಲ್ಲಿ ಯಾತ್ರಿಕರ ಸ್ನೇಹ ಮಾಡಿ, ಮತ್ತಿನ ಮದ್ದು ಬೆರೆಸಿದ ಚಹಾ ಕುಡಿಸಿ, ಅವರು ಎಚ್ಚರ ತಪ್ಪಿದ ಮೇಲೆ ಸಾಮಾನು ಎತ್ತಿಕೊಂಡು ಇಳಿದು ಹೋಗುವವನಂತೆ. ಅವನ ಚಹಾ ಕುಡಿದ ಮುದುಕನೊಬ್ಬ ಏಳಲೇ ಇಲ್ಲವಂತೆ.

"ಸಿಸ್ಟಮ್ ಇಬ್ಬರೂ ಒಬ್ಬನೇ ಎನ್ನುತ್ತಿದೆ" ಎಂದರು ಇನ್ಸ್‌ಪೆಕ್ಟರು. "ಅದರ ಮೇಲೆ ಇದು ಬೇರೆ ಸಿಕ್ಕಿತು." ಅಣ್ಣನ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. "ಯಾತ್ರಿಕರ ಮುಖಗಳು, ಪುಟದ ಮೇಲೆ ಪುಟ. ಯಾಕೆ ಬರೆಯುತ್ತಾರೆ?"

ಯಾಕೆ ಬರೆಯುತ್ತಾನೆ? ನನಗೆ ಗೊತ್ತಿತ್ತು, ಆದರೆ ಹಿಂದಿಯಲ್ಲಿ ಹೇಳಲು ಬರಲಿಲ್ಲ. ಕನ್ನಡದಲ್ಲೂ ಬರುತ್ತಿರಲಿಲ್ಲವೇನೋ. "ಡ್ರಾಯಿಂಗ್ ಮಾಸ್ತರರು" ಎಂದಷ್ಟೇ ಹೇಳಿದೆ.

ಅಣ್ಣ ಕುರ್ಚಿಯಿಂದ ಎದ್ದು ಬಂದು ಪರದೆಗೆ ಬಾಗಿದ. ಬಹಳ ಹೊತ್ತು ನೋಡಿದ. ವಿದ್ಯಾರ್ಥಿಯ ಚಿತ್ರ ತಿದ್ದುವಾಗ ನೋಡುತ್ತಿದ್ದ ಹಾಗೆ ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ.

"ಹುಬ್ಬು ನಂದ ಇದ್ದಂಗ ಐತಿ" ಎಂದ ನನಗೆ. "ಮೂಗಿನ ಗೆರಿನೂ ಖರೇ. ಆದ್ರ ಕಿವಿ ನೋಡು, ತಂಗೀ. ಅವನ ಕಿವಿ ಹಾಲಿ ಕೆನ್ನಿಗೆ ಅಂಟಿಕೊಂಡೈತಿ. ನಂದು ಬಿಟ್ಟು ಜೋತು ಬಿದ್ದೈತಿ. ಇದು ಹುಟ್ಟಿನಿಂದ ಬರೂದು, ವಯಸ್ಸಿನಿಂದ ಬದಲಾಗೂದಲ್ಲ. ಅವರಿಗೆ ಹೇಳು."

ನಾನು ಹೇಳಿದೆ. ಅಣ್ಣ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಕಿವಿಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಿದ. ಇನ್ಸ್‌ಪೆಕ್ಟರು ಹಾಳೆ ನೋಡಿದರು, ಪರದೆ ನೋಡಿದರು, ಎದ್ದು ಬಂದು ಅಣ್ಣನ ಕಿವಿಯನ್ನೇ ನೋಡಿದರು. ಪಕ್ಕದ ಮೇಜಿನವರು ತಮ್ಮ ಕಿವಿ ಮುಟ್ಟಿ ನೋಡಿಕೊಂಡರು.

"ನನಗೆ ಕಾಣಿಸುತ್ತಿದೆ, ಮಾಸ್ಟರ್ ಸಾಹಬ್" ಎಂದರು ಇನ್ಸ್‌ಪೆಕ್ಟರು. "ಆದರೆ ನನಗೆ ಕಂಡರೆ ಸಾಲದು."

ಬೆರಳಚ್ಚು ತೆಗೆದುಕೊಂಡರು. ಊರಿನ ಠಾಣೆಗೆ, ಶಾಲೆಗೆ ಫೋನ್ ಮಾಡಿದರು. ಸಂಜೆ ನಾಲ್ಕರ ಹೊತ್ತಿಗೆ, ಇವರು ಅವನಲ್ಲ ಎಂದು ತೀರ್ಮಾನವಾಯಿತು. ಹೊರಡುವ ಮುನ್ನ ಅಣ್ಣನನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಎದುರಿನಿಂದ, ಎಡದಿಂದ, ಬಲದಿಂದ ಫೋಟೋ ತೆಗೆದರು. ಮುಂದೆ ತೊಂದರೆಯಾಗದಿರಲಿ ಎಂದರು. ಒಂದು ಕಾಗದಕ್ಕೆ ನಾನೇ ಸಾಕ್ಷಿ ಸಹಿ ಹಾಕಿದೆ. ದಿನವಿಡೀ ಬ್ಯಾಂಕಿನಲ್ಲಿ ಜನರಿಗೆ ಓದಿ ಸಹಿ ಮಾಡಿ ಎಂದು ಹೇಳುವವಳು, ಓದದೆ ಸಹಿ ಮಾಡಿದೆ.

ಹತ್ತು ದಿನಗಳ ಬಳಿಕ ಗೋದೌಲಿಯಾದಲ್ಲಿ, ಸೈಕಲ್ ರಿಕ್ಷಾಗಳ ನಡುವೆ ಕಡಲೆ ಕೊಳ್ಳುತ್ತಿದ್ದ ಅಣ್ಣನ ಹೆಗಲ ಮೇಲೆ ಮತ್ತೊಂದು ಕೈ ಬಿತ್ತು. ಈ ಸಲದವರಿಗೆ ಮೊದಲಿನ ಸಂಗತಿ ಗೊತ್ತಿರಲಿಲ್ಲ. ಎರಡು ಗಂಟೆ ಕೂರಿಸಿ ಬಿಟ್ಟರು. ಮೂರನೆಯ ಸಲ ರೈಲು ಸ್ಟೇಷನ್ನಿನಲ್ಲಿ, ನಾನು ಜೊತೆಯಲ್ಲಿರುವಾಗಲೇ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಎಲ್ಲರೂ ಕೊನೆಗೆ ಕೈ ಮುಗಿದರು. ಬಿಳಿ ಗೋಡೆಯ ಮುಂದೆ ತೆಗೆದ ಆ ಮೂರು ಫೋಟೋಗಳು ಹೋಗಿ ಸೇರಿದ್ದು ಯಾವ ಪಟ್ಟಿಗೆ ಎಂಬ ಅನುಮಾನ ನನಗೆ ಅಲ್ಲಿಂದ ಶುರುವಾಯಿತು.

ಅಣ್ಣ ಘಾಟಿಗೆ ಹೋಗುವುದನ್ನು ಬಿಟ್ಟ. ತಾರಸಿಯ ಮೇಲೆ ಕಂಬಳಿ ಹೊದ್ದು ಕೂತು ಎದುರು ಮನೆಗಳ ಗಾಳಿಪಟ ನೋಡುತ್ತಿದ್ದ. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಆ ಇನ್ನೊಬ್ಬನ ಬಗ್ಗೆ ಮಾತಾಡಲು ಶುರುಮಾಡಿದ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

"ಈಗ ಅಂವ ಎಲ್ಲಿ ಇರಬಹುದು ಅಂತೀ?" ಎನ್ನುವನು ಅನ್ನ ಕಲಸುತ್ತಾ. "ಅವಗೂ ತಂಗಿ ಇರಬಹುದು." ಇನ್ನೊಂದು ದಿನ ಬೆಳಿಗ್ಗೆ, ಕನಸಿನಲ್ಲಿ ತಾನೇ ರೈಲಿನಲ್ಲಿ ಕೂತು ಯಾರಿಗೋ ಚಹಾ ಬಗ್ಗಿಸಿ ಕೊಡುತ್ತಿದ್ದೆ ಎಂದ. ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುವಾಗ ಅವನ ಕೈ ಹುಬ್ಬಿನ ಹತ್ತಿರ ನಿಂತು ಬಿಡುತ್ತಿತ್ತು. ಅಷ್ಟು ವರ್ಷ ಕಂಡವರ ಮುಖಗಳನ್ನು ಗೆರೆಗೆರೆಯಾಗಿ ಬಿಡಿಸಿದವನಿಗೆ ಈಗ ತನ್ನ ಮುಖ ತನ್ನದಲ್ಲ ಎನ್ನಿಸುತ್ತಿತ್ತು.

ನಾನು ಒಂದು ಉಪಾಯ ಹುಡುಕಿದೆ. ಬ್ಯಾಂಕಿಗೆ ಹೋಗಿ ಬರುವ ದಾರಿಯಲ್ಲಿ ಕಂಬಗಳನ್ನು ಗಮನಿಸಿ, ಯಾವ ಗಲ್ಲಿಯಲ್ಲಿ ಕ್ಯಾಮೆರಾ ಇಲ್ಲವೆಂದು ಗುರುತು ಮಾಡಿಕೊಂಡೆ. ಭಾನುವಾರದ ಬೆಳಿಗ್ಗೆ ಅಣ್ಣನನ್ನು ಎಬ್ಬಿಸಿ ಹೊರಡಿಸಿದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಸಂದಿಗಳು; ಒದ್ದೆ ಕಲ್ಲು; ಮೂಗಿಗೆ ಸೆಗಣಿಯ, ಹುರಿದ ಜೀರಿಗೆಯ ವಾಸನೆ; ತೆರೆದ ಬಾಗಿಲೊಳಗೆ ಕತ್ತಲಲ್ಲಿ ಉರಿಯುವ ಒಂದು ದೀಪ. ಎಲ್ಲಿ ಹೋಗುತ್ತಿದ್ದೇವೆಂದು ಅಣ್ಣ ಕೇಳಲಿಲ್ಲ. ಹಿಂದಿನಿಂದ ನನ್ನ ಶಾಲಿನ ಅಂಚು ಹಿಡಿದುಕೊಂಡು ಬಂದ, ಚಿಕ್ಕವರಿದ್ದಾಗ ಜಾತ್ರೆಯ ಗದ್ದಲದಲ್ಲಿ ನಾನು ಅವನ ಅಂಗಿ ಹಿಡಿಯುತ್ತಿದ್ದ ಹಾಗೆ. ಸುತ್ತಿ ಬಳಸಿ ಒಂದು ಗಂಟೆಯ ಮೇಲೆ ನೀರಿನ ಅಂಚಿಗೆ ಇಳಿದೆವು. ದೂರದಲ್ಲಿ ಮಣಿಕರ್ಣಿಕೆಯ ಚಿತೆಯ ಬೆಂಕಿಗಳು ಮಂಜಿನೊಳಗೆ ಕಿತ್ತಳೆ ಕಲೆಗಳಾಗಿ ತೇಲುತ್ತಿದ್ದವು. ಅರ್ಧ ಗಂಟೆ ಕೂತೆವು. ಅಣ್ಣ ನೋಟ್‌ಬುಕ್ಕು ತೆಗೆಯಲಿಲ್ಲ.

"ತಂಗೀ" ಎಂದ ಹಿಂತಿರುಗುವಾಗ. "ನಾವು ಕಳ್ಳರಂಗ ಬಂದ್ವಲ್ಲ."

ನನಗೆ ಅಳು ಬಂತು. ಅದನ್ನೇ ನಾನು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳದೆ ಬಂದಿದ್ದೆ. ಏನೂ ಮಾಡದ ಮನುಷ್ಯನನ್ನು ಬಚ್ಚಿಟ್ಟುಕೊಂಡು ನಡೆಯಲು ಕಲಿಸಿದವಳು ನಾನೇ ಆಗಿದ್ದೆ.

ಸೋಮವಾರ ಬ್ಯಾಂಕಿನಲ್ಲಿ ಇದನ್ನು ಹೇಳಿದಾಗ ನಮ್ಮ ಕಾವಲುಗಾರರು ತಲೆಯಾಡಿಸಿದರು. ಹಿಂದಿನ ವರ್ಷ ಹಬ್ಬದ ನೂಕುನುಗ್ಗಲಿನಲ್ಲಿ ಅವರ ತಾಯಿ ತಪ್ಪಿಸಿಕೊಂಡಿದ್ದರು. ತನ್ನ ಹೆಸರೂ ನೆನಪಿರದ ಮುದುಕಿ. ಇವೇ ಕ್ಯಾಮೆರಾಗಳು ಒಂದು ಹೊತ್ತಿನೊಳಗೆ ಹುಡುಕಿ ಕೊಟ್ಟವು. "ನನ್ನ ಪಾಲಿಗೆ ಅವು ದೇವರ ಕಣ್ಣು, ಮೇಡಂ" ಎಂದರು. ಅದು ಸುಳ್ಳಾಗಿರಲಿಲ್ಲ. ಆ ತಾಯಿಯನ್ನು ನಾನೇ ನೋಡಿದ್ದೆ; ಮಗನ ಕೈಯನ್ನು ಬಿಡದೆ ಹಿಡಿದು ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕಾವಲುಗಾರರೇ ಮತ್ತೆ ಬಂದು ಹೇಳಿದರು: "ಆದರೆ ಮಾಸ್ಟರ್ ಸಾಹಬ್ ತಪ್ಪಿಸಿಕೊಂಡಿರಲಿಲ್ಲವಲ್ಲ. ಅವರನ್ನು ಯಾಕೆ ಹುಡುಕಬೇಕು?"

ಆ ಪ್ರಶ್ನೆಯನ್ನೇ ಕಾಗದದ ಮೇಲಿಟ್ಟರಾಯಿತು ಎಂದುಕೊಂಡೆ. ಬ್ಯಾಂಕಿನ ಪ್ರಕರಣಗಳನ್ನು ನೋಡುವ ವಕೀಲೆಯೊಬ್ಬರು ಪರಿಚಯವಿದ್ದರು. ಅವರು ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕಲಿಸಿದರು. ಯಾವ ಆದೇಶದ ಮೇಲೆ ನನ್ನ ಅಣ್ಣನ ಮುಖವನ್ನು ಇಟ್ಟುಕೊಂಡಿದ್ದೀರಿ? ಎಷ್ಟು ಕಾಲ? ಯಾರು ಯಾರು ನೋಡಬಹುದು? ತಪ್ಪೆಂದು ಗೊತ್ತಾದ ಮೇಲೆ ತೆಗೆಯುವವರು ಯಾರು? ಕಂಟೋನ್ಮೆಂಟಿನ ಪೊಲೀಸ್ ಕಚೇರಿಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು.

"ಸೇರಿಸಲು ಫಾರಂ ಇದೆ" ಎಂದರು. "ತೆಗೆಯಲು ಫಾರಂ ಇಲ್ಲ."

"ಹಾಗಾದರೆ ಅದನ್ನೇ ಬರೆದುಕೊಡಿ" ಎಂದೆ.

ಬರೆದುಕೊಡಲಿಲ್ಲ. ಬದಲಿಗೆ ಇನ್ನೊಂದು ದಿನ ಕರೆದು, ಮೊಹರು ಹಾಕಿದ ಪತ್ರವೊಂದನ್ನು ಅಣ್ಣನ ಕೈಗೆ ಕೊಟ್ಟರು. ಈ ಪತ್ರ ಹೊಂದಿರುವವರು ಪೊಲೀಸರಿಗೆ ಬೇಕಾದ ಆ ವ್ಯಕ್ತಿಯಲ್ಲ ಎಂದು ಬರೆದಿತ್ತು. ಸದಾ ಜೇಬಿನಲ್ಲಿಟ್ಟುಕೊಳ್ಳಿ, ನಿಲ್ಲಿಸಿದಾಗ ತೋರಿಸಿ ಎಂದರು. ನನಗೆ ಅಷ್ಟೇ ಸಾಕೆನ್ನಿಸಿತ್ತು. ಅಣ್ಣ ಪತ್ರವನ್ನು ನಿಧಾನವಾಗಿ ಮಡಿಸಿ ಮೇಜಿನ ಮೇಲಿಟ್ಟ.

"ಕೇಳು ಅವರನ್ನ" ಎಂದ, ತಿಂಗಳಿನಲ್ಲಿ ಮೊದಲ ಸಲ ದನಿ ಏರಿಸಿ. "ನಾ ಅಂವ ಅಲ್ಲ ಅಂತ ನಾ ಯಾಕ ಚೀಟಿ ಹಿಡಕೊಂಡು ತಿರಗಬೇಕು? ನಾನ ಅಂವ ಅನ್ನೋರು ಚೀಟಿ ತೋರಸ್ಲಿ."

ಮೇಲ್ಮನವಿ ಹಾಕಿದೆವು. ವಿಚಾರಣೆಯ ಹೊತ್ತಿಗೆ ಮಂಜು ಹರಿದು, ಬಿಸಿಲು ಸ್ವಲ್ಪ ಚುರುಕಾಗಿತ್ತು. ಹಿರಿಯ ಅಧಿಕಾರಿಯೊಬ್ಬರ ಕೋಣೆ. ಚೌಕಿಯ ಆ ಇನ್ಸ್‌ಪೆಕ್ಟರೂ ಬಂದಿದ್ದರು. ವಕೀಲೆ ಕಾನೂನು ಹೇಳಿದರು. ಅಧಿಕಾರಿ ತಾಳ್ಮೆಯಿಂದ ಕೇಳಿ, ಲಕ್ಷಾಂತರ ಜನ ಬರುವ ಊರು, ನಾಳೆ ಏನಾದರೂ ಆದರೆ ಜನ ನಮ್ಮನ್ನೇ ಕೇಳುತ್ತಾರೆ ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ, "ನಿಮ್ಮ ಜೊತೆ ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲವಲ್ಲ?" ಎಂದು ಕೇಳಿದರು.

ಅಣ್ಣ ತನ್ನ ಮುರುಕು ಹಿಂದಿ ಬಿಟ್ಟು ಕನ್ನಡದಲ್ಲೇ ಮಾತಾಡಿದ. ನಾನು ಒಂದೊಂದೇ ವಾಕ್ಯವನ್ನು ಹಿಂದಿಗೆ ತಂದೆ.

"ಇಲ್ಲ. ಎಲ್ಲಾರೂ ಛಲೋ ಮಾತಾಡಸ್ಯಾರ. ಆದ್ರ ಸಾಹೇಬರ, ನಾ ಮಾತಾಡಸಗೊಳ್ಳಾಕ ಬಂದಾಂವಲ್ಲ. ನನ್ನ ಹೆಂಡತಿ ಸತ್ತಾಳ. ಯಾರಿಗೂ ಗುರುತು ಸಿಗದಂಗ ನಾಕು ದಿನ ಕುಂದ್ರಾಕ ಈ ಊರಿಗೆ ಬಂದೆ. ಆ ಮೆಟ್ಟಲಾ ಅದಕ್ಕ ಅದಾವ ಅಂದಕೊಂಡಿದ್ದೆ. ಕಳ್ಳನ್ನ ಹುಡುಕ್ರಿ, ಬ್ಯಾಡ ಅನ್ನೂದಿಲ್ಲ. ನನ್ನ ಮುಖ ನನಗ ವಾಪಸ್ ಕೊಡ್ರಿ."

ಕೊನೆಯ ವಾಕ್ಯವನ್ನು ಹಿಂದಿಯಲ್ಲಿ ಎರಡು ಸಲ ಹೇಳಿದೆ. ಆಗ ಇನ್ಸ್‌ಪೆಕ್ಟರು ಎದ್ದು ನಿಂತು, ಕಡತದಿಂದ ಒಂದು ಹಾಳೆ ತೆಗೆದು ಅಧಿಕಾರಿಯ ಮುಂದಿಟ್ಟರು. ಅಣ್ಣ ಬರೆದಿದ್ದ ಎರಡು ಕಿವಿಗಳ ನಕಲು. "ಸರ್, ಮೊದಲ ದಿನವೇ ನನಗೆ ಗೊತ್ತಿತ್ತು" ಎಂದರು. "ನನ್ನ ಕಣ್ಣಿಗೆ ಕಂಡದ್ದನ್ನು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ."

ಮಾರ್ಚಿನಲ್ಲಿ ಒಂದು ಪುಟದ ಉತ್ತರ ಬಂತು. ಅಣ್ಣನ ಫೋಟೋಗಳನ್ನು ಪಟ್ಟಿಯಿಂದ ತೆಗೆದಿದ್ದೇವೆ ಎಂದಿತ್ತು. ಯಾವ ಆದೇಶ, ಎಷ್ಟು ಕಾಲ, ಯಾರು ನೋಡಬಹುದು ಎಂಬ ಪ್ರಶ್ನೆಗಳ ಎದುರು ಭದ್ರತೆಯ ಕಾರಣದಿಂದ ಮಾಹಿತಿ ನೀಡಲಾಗದು ಎಂದಿತ್ತು. ಗೆದ್ದೆವೋ ಇಲ್ಲವೋ ಹೇಳಲು ಬರುವಂತಿರಲಿಲ್ಲ. ನಿಜವಾಗಿ ತೆಗೆದಿದ್ದಾರೆಯೇ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ. ಅಣ್ಣ ಮರುದಿನ ಗೋದೌಲಿಯಾದ ನಟ್ಟನಡುವೆ, ಕಂಬದ ಕೆಳಗೇ, ತಲೆಯೆತ್ತಿ ನಿಂತ. ನಾನು ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡುತ್ತಿದ್ದೆ. ಜನ ಅವನ ಎಡಕ್ಕೂ ಬಲಕ್ಕೂ ಹರಿದು ಹೋದರು. ರಿಕ್ಷಾದವನೊಬ್ಬ, "ಹಟೋ ಬಾಬಾ!" ಎಂದು ಗದರಿದ. ಅರ್ಧ ಗಂಟೆ ಕಳೆದರೂ ಯಾರೂ ಬರಲಿಲ್ಲ. ನನ್ನ ಕಡೆ ತಿರುಗಿದ ಅಣ್ಣನ ಮುಖದಲ್ಲಿ ನಗುವಿತ್ತು. ಏಪ್ರಿಲಿನ ಬಿಸಿಲು ಏರುವ ಮುನ್ನ ಅವನು ಊರಿಗೆ ಹೋದ. ಸ್ಟೇಷನ್ನಿನಲ್ಲೂ ಯಾರೂ ತಡೆಯಲಿಲ್ಲ.

ಅವನು ಹೋದ ಎರಡು ವಾರಕ್ಕೆ, ಊಟದ ಬಿಡುವಿನಲ್ಲಿ, ಒಬ್ಬ ಹೆಂಗಸು ಬ್ಯಾಂಕಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ನಮ್ಮ ಕಾವಲುಗಾರರು ಕಳಿಸಿದ್ದರು. ಅವರ ಗಂಡ ಸೀರೆಯ ನೂಲಿಗೆ ಬಣ್ಣ ಹಾಕುವ ಕೆಲಸದವರು. ಕ್ಯಾಮೆರಾ ಅವರನ್ನೂ ಬೇರೆ ಯಾರೋ ಎಂದು ನಾಲ್ಕು ಸಲ ಹಿಡಿದುಕೊಟ್ಟಿತ್ತಂತೆ.

"ಕೂತ್ಕೊಳ್ಳಿ" ಎಂದೆ. ಅವರು ಕೂರಲಿಲ್ಲ.

"ಚೌಕಿಯಲ್ಲಿ ಏನು ಹೇಳುತ್ತಾರೆ?" ಎಂದು ಕೇಳಿದೆ.

"ಏನೂ ಹೇಳುವುದಿಲ್ಲ, ದೀದಿ. ನೆಲದ ಮೇಲೆ ಕೂರಿಸುತ್ತಾರೆ. ಕಳೆದ ಸಲ ಎರಡು ದಿನ ಬಿಡಲಿಲ್ಲ. ಮನೆಗೆ ಬಂದಾಗ ಅವರಿಗೆ ಬೆರಳು ಮಡಚಲು ಬರುತ್ತಿರಲಿಲ್ಲ." ಹೇಳುತ್ತಾ ತಮ್ಮ ಕೈಯನ್ನೇ ನೋಡಿಕೊಂಡರು. ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ ನಿಂತಿತ್ತು.

ಮೂರು ತಿಂಗಳು ನಾನು ನಮ್ಮ ಕಷ್ಟವನ್ನೇ ದೊಡ್ಡದೆಂದುಕೊಂಡು ಓಡಾಡಿದ್ದೆ. ನಮಗೆ ಕೈ ಮುಗಿದ ಪೊಲೀಸರೇ ಅವರ ಗಂಡನನ್ನು ನೆಲದ ಮೇಲೆ ಕೂರಿಸಿದ್ದರು. ನಾನು ಎದ್ದು ಹೋಗಿ ಇನ್ನೊಂದು ಕುರ್ಚಿ ತಂದು, ಅವರ ಭುಜ ಹಿಡಿದು ಕೂರಿಸಿದೆ. ಮೇಜಿನ ಬೀಗ ತೆಗೆದು ನಮ್ಮ ಕಡತವನ್ನು ಹೊರಗಿಟ್ಟೆ. ಬಿಳಿ ಹಾಳೆಯ ಮೇಲೆ ಹಿಂದಿಯಲ್ಲಿ ಅರ್ಜಿಯ ಮೊದಲ ಪ್ರಶ್ನೆ ಬರೆದು, ಅವರ ಗಂಡನ ಹೆಸರು ಕೇಳಿದೆ.